ಚಾರ್ಮಾಡಿಯಲ್ಲಿ ಚೈನ್ ಕಿತ್ತ ಮೇಲೆ ಓದಿದ ಮೂರು ಕಾಗದ

2022ರ ಜುಲೈ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ರೇನ್‌ಕೋಟ್ ಏರಿಸಿಕೊಂಡು ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಬೆಂಗಳೂರಿನಿಂದ ಬೆಳ್ತಂಗಡಿ ಕಡೆಯ ನಮ್ಮೂರಿಗೆ ವರ್ಷಕ್ಕೆ ನಾಲ್ಕೈದು ಸಲ ಬೈಕಿನಲ್ಲೇ ಹೋಗುತ್ತೇನೆ. ಅಣ್ಣಪ್ಪ ಸ್ವಾಮಿ ಗುಡಿಗೆ ಕೈ ಮುಗಿದು ಎರಡು ತಿರುವು ದಾಟಿದ್ದೆ ಅಷ್ಟೇ, ಕಾಲಿನ ಹತ್ತಿರ ಕಟಾರ್ ಅಂತ ಸದ್ದಾಯಿತು. ಎಂಜಿನ್ ಕೂಗುತ್ತಿದೆ, ಗಾಡಿಗೆ ಎಳೆತವೇ ಇಲ್ಲ. ಇಳಿದು ನೋಡಿದರೆ ಚೈನ್ ಕಿತ್ತು ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾಗಿ ಕೂತಿತ್ತು. ಅದು ಹೊಡೆದ ಹೊಡೆತಕ್ಕೆ ಎಂಜಿನ್ ಕೇಸ್ ಬಿರುಕು ಬಿಟ್ಟು ಆಯಿಲ್ ತೊಟ್ಟಿಕ್ಕುತ್ತಿತ್ತು. ಬ್ಯಾಗಿನಲ್ಲಿ ಹೆಚ್ಚಿಗೆ ಚೈನ್ ಲಿಂಕ್ ಇತ್ತು. ಇದ್ದು ಏನು ಪ್ರಯೋಜನ? ಈ ಗಾಡಿಯನ್ನು ಯಾರಾದರೂ ಹೊತ್ತುಕೊಂಡೇ ಹೋಗಬೇಕಿತ್ತು.

ಭಯವೇನೂ ಆಗಲಿಲ್ಲ. ಹಿಂದಿನ ಸರ್ವಿಸ್‌ನಲ್ಲಿ ಕೌಂಟರಿನವರು ಹೇಳಿದರು ಅಂತ ಸಾವಿರ ಚಿಲ್ಲರೆ ಕೊಟ್ಟು ರೋಡ್‌ಸೈಡ್ ಅಸಿಸ್ಟೆನ್ಸ್ ಮಾಡಿಸಿದ್ದೆ. ಎಲ್ಲರೂ ಆರ್‌ಎಸ್‌ಎ ಅನ್ನುತ್ತಾರಲ್ಲ, ಅದು. ದಾರಿಯಲ್ಲಿ ಗಾಡಿ ಕೆಟ್ಟರೆ ಬಂದು ಸಹಾಯ ಮಾಡುವ, ಆಗದಿದ್ದರೆ ಗ್ಯಾರೇಜಿಗೆ ಹೊತ್ತೊಯ್ಯುವ (ಟೋಯಿಂಗ್) ಸೇವೆ. 24 ಗಂಟೆ, ಇಡೀ ಭಾರತ, ಒಂದು ಫೋನ್ ಸಾಕು ಅಂತ ಕಾರ್ಡಿನ ಮೇಲೆ ಬರೆದಿತ್ತು. ಫೋನ್ ತೆಗೆದರೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಘಾಟಿಯಲ್ಲಿ ಸಿಗ್ನಲ್ ಸಿಗಲ್ಲ ಅನ್ನುವುದು ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು, ನನಗೂ ಗೊತ್ತಿತ್ತು. ಕಾರ್ಡ್ ತೆಗೆದುಕೊಳ್ಳುವಾಗ ಮಾತ್ರ ನೆನಪಾಗಿರಲಿಲ್ಲ.

ಗಾಡಿಯನ್ನು ತಡೆಗೋಡೆಯ ಪಕ್ಕಕ್ಕೆ ತಳ್ಳಿ ನಿಲ್ಲಿಸಿ, ಮೇಲಕ್ಕೆ ಹೋಗುತ್ತಿದ್ದ ಒಂದು ಕಾರಿಗೆ ಕೈ ಅಡ್ಡ ಹಾಕಿ ಮತ್ತೆ ಕೊಟ್ಟಿಗೆಹಾರಕ್ಕೆ ಬಂದೆ. ಕಾಲ್ ಸೆಂಟರ್ ಸಿಕ್ಕಿತು. ಆ ಕಡೆಯ ಹುಡುಗ ಮರ್ಯಾದೆಯಾಗಿಯೇ ಮಾತಾಡಿದ, ಹಿಂದಿಯಲ್ಲಿ. ಮೊದಲ ಪ್ರಶ್ನೆ, "ಪಿನ್‌ಕೋಡ್ ಹೇಳಿ ಸರ್." ಘಾಟಿಯ ತಿರುವಿಗೆ ಯಾವ ಪಿನ್‌ಕೋಡ್? ಕೊಟ್ಟಿಗೆಹಾರದ ಹೋಟೆಲಿನವರನ್ನು ಕೇಳಿ ಅಲ್ಲಿಯದನ್ನೇ ಕೊಟ್ಟೆ. ಇಪ್ಪತ್ತು ನಿಮಿಷ ಬಿಟ್ಟು ಅವನೇ ಫೋನ್ ಮಾಡಿದ. ಅವರ ಪಟ್ಟಿಯಲ್ಲಿ ಹತ್ತಿರದ ಅಧಿಕೃತ ಸರ್ವಿಸ್ ಸೆಂಟರ್ ಇರುವುದು ಚಿಕ್ಕಮಗಳೂರಿನಲ್ಲಿ. ನನ್ನ ಪ್ಲಾನಿನಲ್ಲಿ 50 ಕಿಲೋಮೀಟರ್ ಉಚಿತ. ಆದರೆ ಲೆಕ್ಕ ಶುರುವಾಗುವುದು ಟೋಯಿಂಗ್ ಗಾಡಿ ಹೊರಟ ಜಾಗದಿಂದ, ನನ್ನ ಬೈಕು ನಿಂತ ಜಾಗದಿಂದ ಅಲ್ಲ. ಚಿಕ್ಕಮಗಳೂರಿನಿಂದ ಘಾಟಿಗೆ ಬರುವಷ್ಟರಲ್ಲೇ ಉಚಿತದ್ದು ಮುಗಿದಿರುತ್ತದೆ. ವಾಪಸ್ ಹೋಗುವುದೆಲ್ಲ ಕಿಲೋಮೀಟರಿಗೆ ಇಷ್ಟು ಅಂತ ನನ್ನ ಜೇಬಿನಿಂದ. ಅದಕ್ಕೂ ನಾಲ್ಕು ಗಂಟೆ ಕಾಯಬೇಕು, ಆಗಲೇ ಸಂಜೆ ನಾಲ್ಕಾಗಿತ್ತು. ಮಳೆಗಾಲದಲ್ಲಿ ಚಾರ್ಮಾಡಿ ರಾತ್ರಿ ಹೊತ್ತು ಯಾವಾಗ ಬಂದ್ ಆಗುತ್ತದೋ ಹೇಳಲಾಗದು.

ಕೊನೆಗೆ ನನ್ನನ್ನು ಕಾಪಾಡಿದ್ದು ಮಂಗಳೂರಿಗೆ ತರಕಾರಿ ಇಳಿಸಿ ಖಾಲಿ ವಾಪಸಾಗುತ್ತಿದ್ದ ಒಂದು ಪಿಕಪ್. ಹೋಟೆಲಿನವರೇ ಫೋನ್ ಮಾಡಿ, "ಉಜಿರೆ ದಾಟಿದ್ದೀರಾ? ಅಣ್ಣಪ್ಪ ಗುಡಿ ಹತ್ರ ಒಂದು ಬೈಕ್ ಉಂಟು, ಹಾಕ್ಕೊಂಡು ಬನ್ನಿ" ಅಂದರು. ಸಿಕ್ಕ ಗಾಡಿ ಹತ್ತಿಕೊಂಡು ನಾನು ಮತ್ತೆ ಕೆಳಗಿಳಿದೆ. ಡ್ರೈವರ್ ಬಂದವರೇ ಬೈಕನ್ನು ಒಂದು ಸುತ್ತು ನೋಡಿ, "ಎಂಥ ಮಾರಾಯ್ರೆ, ಇದು ಆನೆ ಮರಿ ಇದ್ದ ಹಾಗುಂಟಲ್ಲ" ಅಂದರು. 350 ಸಿಸಿ ಗಾಡಿ, ಹೆಚ್ಚುಕಡಿಮೆ 190 ಕಿಲೋ. ದಾರಿಯಲ್ಲಿ ಹೋಗುವ ಇಬ್ಬರನ್ನು ಕರೆದು ನಾಲ್ಕು ಜನ ಸೇರಿ ಹತ್ತಿಸಿದೆವು. ಮೂಡಿಗೆರೆ ಗ್ಯಾರೇಜಿನ ತನಕ 1,500 ರೂಪಾಯಿ. ಆ ಬಿಲ್ಲಾದರೂ ಆರ್‌ಎಸ್‌ಎ ಕೊಡುತ್ತದಾ ಅಂತ ಆಮೇಲೆ ಕೇಳಿದೆ. ಮೊದಲೇ ಅವರ ಒಪ್ಪಿಗೆ ಪಡೆಯದೆ ಹೊರಗಿನ ಗಾಡಿ ಕರೆಸಿದ್ದರೆ ಕೊಡುವುದಿಲ್ಲವಂತೆ. ಕಾಗದದಲ್ಲಿ ಹಾಗೇ ಇತ್ತು. ನಾನು ಓದಿರಲಿಲ್ಲ.

ಆ ವಾರವೇ ಕೂತು ಓದಿದೆ. ಬೈಕ್ ಕಂಪನಿಯ ಪ್ಲಾನ್ ಒಂದು, ಇನ್ಶೂರೆನ್ಸ್ ಜೊತೆ ಹೆಚ್ಚಿಗೆ ದುಡ್ಡು ಕೊಟ್ಟು ಆಡ್-ಆನ್ ಆಗಿ ಸೇರಿಸಿಕೊಳ್ಳುವುದು ಇನ್ನೊಂದು, ಬರೀ ಆರ್‌ಎಸ್‌ಎ ಮಾರುವವರ ಸದಸ್ಯತ್ವ ಮೂರನೆಯದು. ಮೂರರದ್ದೂ ಪೂರ್ತಿ ಷರತ್ತುಗಳ ಕಾಗದ ತರಿಸಿಕೊಂಡೆ. ಮುಖಪುಟದ ಚಿತ್ರಗಳಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ಪಂಕ್ಚರ್, ಬ್ಯಾಟರಿ, ಪೆಟ್ರೋಲ್, ಕೀ ಕಳೆದರೆ ಸಹಾಯ, ಟೋಯಿಂಗ್. ವ್ಯತ್ಯಾಸ ಇರುವುದೆಲ್ಲ ಸಣ್ಣ ಅಕ್ಷರದಲ್ಲಿ.

ಓದುವಾಗಲೇ ಇನ್ನೊಂದು ಪೆಟ್ಟು ಬಿತ್ತು. ನನ್ನ ಬೈಕು 2019ರ ಅಕ್ಟೋಬರಿನದು. ಸುಪ್ರೀಂ ಕೋರ್ಟ್ ಆದೇಶದಿಂದಾಗಿ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟದ ವಿಮೆ, ಕಡ್ಡಾಯ. ಶೋರೂಮಿನಲ್ಲಿ "ಐದು ವರ್ಷ ಇನ್ಶೂರೆನ್ಸ್ ಚಿಂತೆ ಇಲ್ಲ ಸರ್" ಅಂದಿದ್ದರು. ಅದನ್ನೇ ನಂಬಿಕೊಂಡಿದ್ದೆ. ಐದು ವರ್ಷ ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ನನ್ನ ಗಾಡಿಗೆ ಆಗುವ ನಷ್ಟ ಕೊಡುವ ಓನ್ ಡ್ಯಾಮೇಜ್ ಭಾಗ ಒಂದೇ ವರ್ಷದ್ದು, 2020ರಲ್ಲೇ ಮುಗಿದಿತ್ತು. ಸುಮಾರು ಎರಡು ವರ್ಷ ಬಿದ್ದರೂ ಎದ್ದರೂ ಕೇಳುವವರಿಲ್ಲದೆ ಘಾಟಿ ಹತ್ತಿ ಇಳಿದಿದ್ದೆ. ನಿಮ್ಮ ಬೈಕು ಕೂಡ ಆ 2018ರ ಸೆಪ್ಟೆಂಬರ್ ಆದಮೇಲೆ ಕೊಂಡಿದ್ದಾದರೆ ಪಾಲಿಸಿ ತೆಗೆದು ನೋಡಿ. ಅದರಲ್ಲಿ ಎರಡು ಮುಕ್ತಾಯದ ದಿನ ಇರಬಹುದು.

ಇದಕ್ಕೂ ಟೋಯಿಂಗಿಗೂ ಏನು ಸಂಬಂಧ ಅಂದರೆ, ಇನ್ಶೂರೆನ್ಸಿನ ಆರ್‌ಎಸ್‌ಎ ಆಡ್-ಆನ್ ಅಂಟಿಕೊಳ್ಳುವುದು ಓನ್ ಡ್ಯಾಮೇಜಿಗೆ. ಬರೀ ಥರ್ಡ್ ಪಾರ್ಟಿ ಇದ್ದರೆ ಅದು ಸಿಗಲಿಲ್ಲ. ಓನ್ ಡ್ಯಾಮೇಜನ್ನು ಬೇರೆಯಾಗಿ, ಬೇಕಾದರೆ ಬೇರೆ ಕಂಪನಿಯಲ್ಲಿ ಕೊಳ್ಳುವ ಅವಕಾಶ 2019ರ ಸೆಪ್ಟೆಂಬರಿನಿಂದ ಇದೆ. ಹಾಗೇ ಕೊಂಡೆ. 90 ದಿನಕ್ಕಿಂತ ಜಾಸ್ತಿ ಬಿಟ್ಟಿದ್ದರಿಂದ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಕ್ಕೆ ಸಿಗುವ ರಿಯಾಯಿತಿ, ಹೋಯಿತು. ಗಾಡಿಯ ವಿಡಿಯೋ ಕಳಿಸಿ ತಪಾಸಣೆಯನ್ನೂ ಮುಗಿಸಬೇಕಾಯಿತು. ನನ್ನದೇ ತಪ್ಪು, ಯಾರನ್ನು ಬೈಯುವುದು.

"ಓನ್ ಡ್ಯಾಮೇಜ್ ಇದ್ದರೆ ಟೋಯಿಂಗ್ ಹೇಗೂ ಬರುತ್ತದಲ್ಲ, ಆಡ್-ಆನ್ ಯಾಕೆ?" ಅಂತ ನನ್ನ ತಮ್ಮ ಕೇಳಿದ. ಬರುತ್ತದೆ, ಅಪಘಾತವಾದರೆ ಮಾತ್ರ. ನನ್ನ ಪಾಲಿಸಿಯಲ್ಲಿ ಗಾಡಿ ಸಾಗಿಸುವ ಖರ್ಚಿಗೆ ಮಿತಿ ಎಷ್ಟು ಗೊತ್ತಾ? ಒಂದು ಅಪಘಾತಕ್ಕೆ 300 ರೂಪಾಯಿ. ಆ ಪಿಕಪ್‌ನವರಿಗೆ ಡೀಸೆಲ್ಲಿಗೂ ಸಾಲುತ್ತಿರಲಿಲ್ಲ. ಚೈನ್ ಕಿತ್ತರೆ, ಕ್ಲಚ್ ಸುಟ್ಟರೆ ಅದೂ ಇಲ್ಲ.

ಮೂರು ಕಾಗದಗಳಿಗೂ ನಾನು ಕೇಳಿದ್ದು ಮುಖ್ಯವಾಗಿ ಎರಡೇ ಪ್ರಶ್ನೆ. ಕಿಲೋಮೀಟರ್ ಎಲ್ಲಿಂದ ಎಲ್ಲಿಗೆ ಎಣಿಸುತ್ತೀರಿ? ಗಾಡಿಯನ್ನು ಎಲ್ಲಿಗೆ ಒಯ್ಯುತ್ತೀರಿ? ಮಿಕ್ಕಿದ್ದು, ಅಂದರೆ ವರ್ಷಕ್ಕೆ ಎಷ್ಟು ಸಲ, ಗಾಡಿಗೆ ಎಷ್ಟು ವಯಸ್ಸಿನವರೆಗೆ ಕೊಡುತ್ತಾರೆ, ಎಲ್ಲ ಹೆಚ್ಚುಕಡಿಮೆ ಒಂದೇ. ವರ್ಷಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಟೋ ಆಗುವ ಗಾಡಿಯನ್ನು ಮಾರುವುದೇ ಒಳ್ಳೆಯದು, ಅಲ್ವಾ?

ಕಂಪನಿಯ ಪ್ಲಾನ್ ಅಧಿಕೃತ ಸರ್ವಿಸ್ ಸೆಂಟರಿಗೆ ಮಾತ್ರ ಒಯ್ಯುತ್ತದೆ. ವಾರಂಟಿ ಇರುವ ಹೊಸ ಗಾಡಿಗೆ ಅದೇ ಸರಿ, ಊರೊಳಗೇ ಓಡಿಸುವವರಿಗೂ ಸಾಕು. ನನ್ನ ದಾರಿಯಲ್ಲಿ ಹಾಸನ ಬಿಟ್ಟರೆ ಸರ್ವಿಸ್ ಸೆಂಟರ್‌ಗಳು ದೂರ ದೂರ. ಸದಸ್ಯತ್ವದವರು 100 ಕಿಲೋಮೀಟರ್ ಅಂತ ದೊಡ್ಡದಾಗಿ ಹಾಕಿದ್ದರು, ಕೊಂಡು ಏಳು ದಿನದ ತನಕ ಕೆಲಸಕ್ಕೆ ಬರುವುದಿಲ್ಲ ಅಂತ ಸಣ್ಣದಾಗಿ. ಅದು ತಪ್ಪಲ್ಲ ಬಿಡಿ, ಗಾಡಿ ನಿಂತ ಮೇಲೆ ಕಾರ್ಡ್ ಕೊಳ್ಳುವವರೂ ಇದ್ದಾರೆ. ಆದರೆ ಗುಡ್ಡಗಾಡು ರಸ್ತೆಗೆ ಹೆಚ್ಚುವರಿ ಶುಲ್ಕ ಅಂತಲೂ ಒಂದು ಸಾಲಿತ್ತು. ನನ್ನ ಅರ್ಧ ದಾರಿ ಗುಡ್ಡಗಾಡೇ. ಇನ್ಶೂರೆನ್ಸಿನ ಆಡ್-ಆನ್‌ನಲ್ಲಿ ಗಾಡಿ ನಿಂತ ಜಾಗದಿಂದ 50 ಕಿಲೋಮೀಟರಿನೊಳಗಿನ "ಹತ್ತಿರದ ಗ್ಯಾರೇಜ್" ಎಂದಿತ್ತು. ಅಧಿಕೃತ ಅನ್ನುವ ಪದ ಇರಲಿಲ್ಲ. ಆ ಒಂದು ಪದ ಇಲ್ಲದ್ದಕ್ಕೇ ಅದನ್ನು ತೆಗೆದುಕೊಂಡೆ. ಕಂಪನಿ ಪ್ಲಾನಿಗಿಂತ ಬಹಳ ಅಗ್ಗವಾಗಿಯೂ ಇತ್ತು, ಓನ್ ಡ್ಯಾಮೇಜಿನ ದುಡ್ಡು ಬೇರೆ.

ಕೊಳ್ಳುವ ಮೊದಲು ಒಂದು ಕೆಲಸ ಮಾಡಿದೆ. ಒಂದು ಭಾನುವಾರ ಮಧ್ಯಾಹ್ನ ಮೂರೂ ಕಡೆಯ ಸಹಾಯವಾಣಿಗೆ ಫೋನ್ ಹಚ್ಚಿದೆ. "ಮೂಡಿಗೆರೆ ಹತ್ತಿರ ಬೈಕ್ ನಿಂತರೆ ನಿಮ್ಮ ಗಾಡಿ ಯಾವ ಊರಿನಿಂದ ಬರುತ್ತದೆ? ಬರುವುದು ಇಡೀ ಗಾಡಿಯನ್ನು ಮೇಲೆ ಹೊರುವ ಫ್ಲಾಟ್‌ಬೆಡ್ಡೋ, ಕಾರಿನ ಚಕ್ರ ಎತ್ತುವ ಕ್ರೇನೋ?" ಒಬ್ಬರು ಫೋನೇ ಎತ್ತಲಿಲ್ಲ. ಒಬ್ಬರಿಗೆ ಮೂಡಿಗೆರೆ ಯಾವ ರಾಜ್ಯ ಅಂತ ಗೊತ್ತಿರಲಿಲ್ಲ. ಇನ್ಶೂರೆನ್ಸಿನವರು ಮಾತ್ರ ಕನ್ನಡದವರಿಗೆ ಲೈನ್ ಕೊಟ್ಟರು. ಹಾಸನದಿಂದ ಬರುತ್ತದೆ, ಬೈಕ್ ಆದರೆ ಫ್ಲಾಟ್‌ಬೆಡ್ ಅಥವಾ ಗೂಡ್ಸ್ ಗಾಡಿ ಅಂದರು. ನಾನು ಆರಿಸಿಕೊಂಡದ್ದು ಅವರನ್ನೇ.

ಮರು ವರ್ಷ ಅದನ್ನು ಬಳಸುವ ಯೋಗವೂ ಬಂತು. ಹಿರೀಸಾವೆ ದಾಟಿ ಹಾಸನ ಹೆದ್ದಾರಿಯಲ್ಲಿ ಹಿಂದಿನ ಟ್ಯೂಬ್ ವಾಲ್ವ್ ಹತ್ತಿರವೇ ಸೀಳಿತು. ನನ್ನದು ಸ್ಪೋಕ್ ಚಕ್ರ, ಟ್ಯೂಬ್ ಇರುವ ಟೈರು. ಆರ್‌ಎಸ್‌ಎಯವರು ರಸ್ತೆಯಲ್ಲೇ ಪಂಕ್ಚರ್ ಹಾಕುವುದು ಟ್ಯೂಬ್‌ಲೆಸ್‌ಗೆ ಮಾತ್ರ, ಟ್ಯೂಬಿನದಾದರೆ ಹೊತ್ತುಕೊಂಡು ಹೋಗುತ್ತಾರೆ. ಅದೂ ಕಾಗದದಲ್ಲಿತ್ತು, ಈ ಸಲ ಓದಿದ್ದೆ. ಫೋನಿನಲ್ಲಿ ಪಿನ್‌ಕೋಡ್ ಕೇಳುವ ಮೊದಲೇ ಹಳದಿ ತಲೆಯ ಕಿಲೋಮೀಟರ್ ಕಲ್ಲಿನ ಮೇಲಿದ್ದ ಊರು, ಸಂಖ್ಯೆ ಓದಿ ಹೇಳಿದೆ, ಲೊಕೇಶನ್ ವಾಟ್ಸ್‌ಆ್ಯಪ್ ಮಾಡಿದೆ. ಒಂದೂಕಾಲು ಗಂಟೆಯಲ್ಲಿ ಗಾಡಿ ಬಂತು. ಚನ್ನರಾಯಪಟ್ಟಣದ ಪಂಕ್ಚರ್ ಅಂಗಡಿಯನ್ನು "ಗ್ಯಾರೇಜ್" ಅಂತ ಒಪ್ಪಿಸಲು ಹತ್ತು ನಿಮಿಷ ವಾದ ಮಾಡಬೇಕಾಯಿತು. ಆ "ಹತ್ತಿರದ ಗ್ಯಾರೇಜ್" ಸಾಲನ್ನು ಓದಿ ಹೇಳಿದ ಮೇಲೆ ಒಪ್ಪಿದರು.

ಹತ್ತಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಬಂದ ಹುಡುಗ ಕಾರು ಕಟ್ಟಿ ಅಭ್ಯಾಸ ಇದ್ದವನು. ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹ್ಯಾಂಡಲ್ ತುದಿಗೆ ಹಗ್ಗ ಬಿಗಿಯಲು ಹೊರಟ. ಹಾಗೆ ಕಟ್ಟಿದರೆ ಮೊದಲ ಹಂಪಿನಲ್ಲೇ ಸ್ಟ್ಯಾಂಡ್ ಜಾರುತ್ತದೆ. ಬೈಕು ತನ್ನ ಚಕ್ರದ ಮೇಲೇ ನಿಲ್ಲಬೇಕು, ಫಸ್ಟ್ ಗೇರಿನಲ್ಲಿರಬೇಕು, ಮುಂದಿನ ಚಕ್ರ ಮುಂಭಾಗದ ತಡೆಗೆ ಒತ್ತಿಕೊಂಡಿರಬೇಕು. ಮುಂದೆ ಎರಡು ಪಟ್ಟಿ, ಹಿಂದೆ ಎರಡು. ಮುಂದಿನವನ್ನು ಫೋರ್ಕ್ ಹಿಡಿಯುವ ಕ್ಲ್ಯಾಂಪಿನ ಹತ್ತಿರ ಹಾಕಿ ಶಾಕ್ಅಬ್ಸಾರ್ಬರ್ ಸ್ವಲ್ಪ ಕುಗ್ಗುವಷ್ಟು ಎಳೆಯಬೇಕು. ಪಟ್ಟಿ ಉಜ್ಜುವ ಕಡೆ ನನ್ನ ಹಳೇ ಟವೆಲ್ ಇಟ್ಟೆ. "ಅಣ್ಣ ನೀವೇ ಟೋಯಿಂಗ್ ಮಾಡ್ತೀರಾ?" ಅಂತ ಕೇಳಿದ. ಪಿಕಪ್‌ನವರು ಗೋಣಿಚೀಲ ಇಟ್ಟು ಕಟ್ಟಿದ್ದನ್ನು ನೋಡಿ ಕಲಿತದ್ದು ಅಂತ ಹೇಳಲಿಲ್ಲ. ಹತ್ತಿಸುವ ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟಿದ್ದೆ, ಗೀರು ಬಿದ್ದರೆ ಮಾತಿಗೆ ಮಾತು ಬೆಳೆಯುವುದು ಬೇಡ ಅಂತ.

ಆ ಹೆದ್ದಾರಿಯಲ್ಲಿ ಇನ್ನೊಂದು ದಾರಿಯೂ ಇತ್ತು. 1033ಕ್ಕೆ ಫೋನ್ ಮಾಡಬಹುದಿತ್ತು, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ ಅದು. ಬೈಕಿನವರು ಟೋಲ್ ಕಟ್ಟುವುದಿಲ್ಲ, ಆದರೂ ಫೋನ್ ಮಾಡಬಹುದು. ಅವರ ಕ್ರೇನ್ ಇರುವುದು ಗಾಡಿಯನ್ನು ರಸ್ತೆಯಿಂದ ಸುರಕ್ಷಿತ ಜಾಗಕ್ಕೆ ಸರಿಸಲು, ನಾವು ಹೇಳಿದ ಗ್ಯಾರೇಜಿಗೆ ಬಿಡಲು ಅಲ್ಲ. ಪೆಟ್ಟಾಗಿದ್ದರೆ ಇದ್ಯಾವುದೂ ಅಲ್ಲ, 112.

ಘಾಟಿಯ ಸಿಗ್ನಲ್ ಸಮಸ್ಯೆಗೆ ಯಾವ ಕಾಗದದಲ್ಲೂ ಉತ್ತರ ಸಿಗಲಿಲ್ಲ. ಹಾಗಾಗಿ ಕೊಟ್ಟಿಗೆಹಾರದಲ್ಲಿ ನಿಂತಾಗಲೇ ಮನೆಗೆ ಮೆಸೇಜ್ ಹಾಕುತ್ತೇನೆ, "ಇಳೀತಾ ಇದೀನಿ, ಒಂದೂವರೆ ಗಂಟೆಯಲ್ಲಿ ಉಜಿರೆಯಿಂದ ಫೋನ್ ಬರದಿದ್ದರೆ ಪಿಕಪ್‌ನವರಿಗೆ ಹೇಳು." ಅವರ ನಂಬರ್ ಅಮ್ಮನ ಫೋನಿನಲ್ಲೂ ಇದೆ, ಸೀಟಿನ ಕೆಳಗೆ ಪಾಲಿಸಿ ನಂಬರಿನ ಚೀಟಿಯ ಮೇಲೂ ಇದೆ. ಹೋದ ಮಳೆಗಾಲದಲ್ಲಿ ಸುಮ್ನೆ ಹೋಟೆಲಿನ ಎದುರು ನಿಂತಿದ್ದಾಗ ಸಿಕ್ಕಿದರು. ಚೈನ್ ಕಡೆ ಬಗ್ಗಿ ನೋಡಿ, "ಹೊಸತು ಹಾಕ್ಸಿದ್ದೀರಲ್ಲ, ಹಾಗಾದ್ರೆ ಈ ವರ್ಷ ನಮ್ಗೆ ಬಾಡಿಗೆ ಇಲ್ಲ" ಅಂದರು.