ಹೇಳದೆ ಉಳಿದ ಒಲವನ್ನು ಹಾಡಲು ಕಲಿತದ್ದು

ಉದ್ಯೋಗಕ್ಕಾಗಿ ಜಪಾನಿನಲ್ಲಿ ನೆಲೆಸಿದ ಮೇಲೆ, ಒಲವನ್ನು ಬಾಯಿಬಿಟ್ಟು ಹೇಳಲಾರದೆ ತಡವರಿಸುವ ಅಲ್ಲಿನ ಜನಪ್ರಿಯ ಗೀತೆಗಳನ್ನು ನಾನು ಕ್ಯಾರಿಯೋಕೆ ಕೊಠಡಿಯಲ್ಲಿ ಕುಳಿತು ಅಭ್ಯಾಸ ಮಾಡಿದೆ. ಒಬ್ಬರೇ ಹೋಗಿ ಹಾಡುವುದಕ್ಕೆ ಅಲ್ಲಿ ‘ಹಿತೊಕಾರಾ’ ಎಂಬ ಹೆಸರೇ ಇರುವುದರಿಂದ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಸುಗಮ ಸಂಗೀತದಲ್ಲಿ ಪಳಗಿದ ಗಂಟಲಿನಿಂದ ಈ ಹಾಡುಗಳನ್ನು ಹೇಗೆ ಒಲಿಸಿಕೊಂಡೆ ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ರಾಗಕ್ಕಿಂತ ಮೊದಲು ನಾನು ಅರ್ಥಮಾಡಿಕೊಳ್ಳಬೇಕಾದದ್ದು ‘ಕೊಕುಹಾಕು’ ಎಂಬ ಪದ್ಧತಿಯನ್ನು. ಇಷ್ಟಪಟ್ಟವರ ಎದುರು ನಿಂತು ‘ನೀವೆಂದರೆ ನನಗಿಷ್ಟ, ನನ್ನ ಜೊತೆಗಿರಿ’ ಎಂದು ನೇರವಾಗಿ ನಿವೇದಿಸಿ, ಒಪ್ಪಿಗೆ ಪಡೆದ ಮೇಲೆಯೇ ಅಲ್ಲಿ ಸಾಮಾನ್ಯವಾಗಿ ಪ್ರೇಮಸಂಬಂಧ ಆರಂಭವಾಗುತ್ತದೆ. ನಿರಾಕರಣೆ ಬಂದರೆ ಇದ್ದ ಸ್ನೇಹಕ್ಕೂ ಕುತ್ತು. ಹಾಗಾಗಿ ಆ ಮಾತಿಗೆ ಮುಂಚಿನ ಅವಧಿಯೇ ಹಾಡುಗಳಿಗೆ ಬೇಕಾದಷ್ಟು ವಸ್ತು ಒದಗಿಸುತ್ತದೆ. 1983ರಲ್ಲಿ ಬಂದ ಗಾಯಕ ಮುರಾಶಿತಾ ಕೋಝೋ ಅವರ ‘ಹತ್ಸುಕೋಯಿ’ (ಮೊದಲ ಪ್ರೇಮ) ಎಂಬ ಹಾಡಿನಲ್ಲಿ ಹುಡುಗನೊಬ್ಬ ಶಾಲೆ ಬಿಟ್ಟ ಮೇಲೆ ಮೈದಾನದಲ್ಲಿ ಓಡುವವಳನ್ನು ದೂರದಿಂದ ನೋಡುತ್ತಾನೆ, ಹಾಡು ಮುಗಿದರೂ ಅವನ ಮಾತು ಹೊರಬರುವುದಿಲ್ಲ. ದಾಂಪತ್ಯದ ತುಂಬು ಒಲವನ್ನು ಹಾಡುವ ನಮ್ಮ ಭಾವಗೀತೆಗಳ ಅಭ್ಯಾಸ ಇಲ್ಲಿ ನನಗೆ ಅಷ್ಟಾಗಿ ನೆರವಾಗಲಿಲ್ಲ.

ಈ ಅಳುಕು ಸ್ವರಸಂಯೋಜನೆಯಲ್ಲಿಯೂ ಇದೆ ಎಂಬುದು ಕೀಬೋರ್ಡಿನ ಮುಂದೆ ಕುಳಿತಾಗ ಹೊಳೆಯಿತು. ಜಪಾನಿ ಸಂಗೀತಗಾರರು ‘ಓದೋ ಶಿಂಕೋ’, ಅಂದರೆ ರಾಜಮಾರ್ಗದ ನಡೆ, ಎಂದು ಕರೆಯುವ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಸರಣಿಯೊಂದಿದೆ. ಸಿ ಮೇಜರ್ ಶ್ರುತಿಯಲ್ಲಿ ಅದು ಎಫ್, ಜಿ, ಇ ಮೈನರ್, ಎ ಮೈನರ್ ಎಂದು ಸಾಗುತ್ತದೆ. ಜಿ ಬಂದ ಕೂಡಲೇ ಕಿವಿ ಆಧಾರಸ್ಥಾನವಾದ ಸಿಗೆ ಮರಳುವುದನ್ನು ನಿರೀಕ್ಷಿಸುತ್ತದೆ. ಹಾಡು ಮಾತ್ರ ಇ ಮೈನರ್ ಕಡೆಗೆ ಜಾರಿ, ಎ ಮೈನರ್‌ನ ವಿಷಾದದಲ್ಲಿ ನಿಂತುಬಿಡುತ್ತದೆ. ಹೊಸ್ತಿಲವರೆಗೆ ಬಂದು ಬಾಗಿಲು ತಟ್ಟದೆ ಹಿಂದಿರುಗಿದಂತೆ. ಈ ನಡೆಯನ್ನು ನಾನು ಹಾಡದೆ, ಕೇವಲ ನುಡಿಸುತ್ತಾ ಬಹಳ ಕಾಲ ಕಳೆದೆ. ಜಿ ಮೇಲೆ ದನಿ ಏರಿಸಬೇಕೆಂಬ ಆಸೆ ಸಹಜ. ಆದರೆ ಅಲ್ಲಿ ದನಿಯನ್ನು ತುಸು ಹಿಡಿದು, ಇ ಮೈನರ್ ಬಂದಾಗ ಉಸಿರು ಬೆರೆಸಿದರೆ ಭಾವ ತಾನಾಗಿಯೇ ಮೂಡುತ್ತದೆ.

ಈ ಹಾಡುಗಳ ರಚನೆಯಲ್ಲಿ ಆರಂಭದ ಎ-ಮೆರೊ, ಅಲ್ಲಿಂದ ಸಾಬಿಯತ್ತ ಕರೆದೊಯ್ಯುವ ಬಿ-ಮೆರೊ, ಆಮೇಲೆ ಸಾಬಿ ಎಂಬ ಭಾಗಗಳಿರುತ್ತವೆ. ಸಾಬಿ ನಮ್ಮ ಪಲ್ಲವಿಯಂತೆ ಮನಸ್ಸಿನಲ್ಲಿ ಉಳಿಯುವ ಭಾಗವಾದರೂ ಹೆಚ್ಚಾಗಿ ಕೊನೆಗೆ ಬರುತ್ತದೆ. ಎಲ್ಲರೂ ಅದರ ಮೇಲೆಯೇ ಕಣ್ಣಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹಾಡುಗಾರನ ಪರೀಕ್ಷೆ ನಡೆಯುವುದು ಬಿ-ಮೆರೊದಲ್ಲಿ. ‘ಹೇಳಿಬಿಡಲೇ’ ಎಂಬ ತುಯ್ತ ಅಲ್ಲಿಯೇ ಇರುತ್ತದೆ.

ಉಚ್ಚಾರದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಜಪಾನಿ ಭಾಷೆ ಮಾತ್ರೆಗಳನ್ನು ಎಣಿಸಿ ನಡೆಯುತ್ತದೆ: ದೀರ್ಘಸ್ವರಕ್ಕೆ ಎರಡು ಮಾತ್ರೆ, ಸ್ವರದ ನಂತರದ ಅನುನಾಸಿಕಕ್ಕೂ ಪ್ರತ್ಯೇಕವಾಗಿ ಒಂದು ಮಾತ್ರೆ. ಲಘು-ಗುರು ಹಾಕಿ ಛಂದಸ್ಸು ಕಲಿತವರಿಗೆ ಇದು ಹೊಸದಲ್ಲ. ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದು, ಮಾತ್ರೆಗಳನ್ನು ಗುರುತಿಸಿ, ತಾಳಕ್ಕೆ ಓದಿದ ನಂತರವೇ ರಾಗಕ್ಕೆ ಕೂಡಿಸುತ್ತಿದ್ದೆ.

ಗಮಕವನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಂಕ ನೀಡುವ ಕ್ಯಾರಿಯೋಕೆ ಯಂತ್ರಗಳು ಸ್ವರಶುದ್ಧಿಯ ಜೊತೆಗೆ ‘ಕೊಬುಶಿ’, ‘ಶಾಕುರಿ’ ಎಂಬ ಅಲಂಕಾರಗಳನ್ನೂ ಎಣಿಸಿ ತೋರಿಸುತ್ತವೆ. ಕೊಬುಶಿ ಎಂಬುದು ಎಂಕಾ ಎಂಬ ಹಳೆಯ ಧಾಟಿಯ ಜಪಾನಿ ಜನಪ್ರಿಯ ಗೀತೆಗಳ ಸ್ವರದ ಬಳುಕು, ನಮ್ಮ ಗಮಕದ ದೂರದ ನೆಂಟ. ಶಾಕುರಿ ಎಂದರೆ ಕೆಳಗಿನಿಂದ ಜಾರಿ ಸ್ವರವನ್ನು ಮುಟ್ಟುವುದು. ಅಲಂಕಾರಗಳಿಗೆ ಯಂತ್ರ ಎಷ್ಟೇ ಉದಾರವಾಗಿದ್ದರೂ, ಈ ಹಾಡುಗಳಲ್ಲಿ ಆ ಎಣಿಕೆ ಇಳಿದಷ್ಟೂ ಒಳ್ಳೆಯದೆಂದು ನಾನು ನಿರ್ಧರಿಸಿಕೊಂಡೆ. ಸ್ವರವನ್ನು ಅಲುಗಿಸದೆ ನಿಲ್ಲಿಸಿ, ಸಾಲಿನ ತುದಿಯಲ್ಲಿ ಮಾತ್ರ ಸಣ್ಣ ಕಂಪನಕ್ಕೆ ಅವಕಾಶ ಕೊಟ್ಟೆ.

ಅನೇಕ ಹಾಡುಗಳಲ್ಲಿ ಕೊನೆಗೆ ವಾದ್ಯಗಳು ಹಿಂದೆ ಸರಿದು ‘ಓಚಿಸಾಬಿ’ ಎಂಬ ಮೆಲುದನಿಯ ಸಾಬಿ ಬರುತ್ತದೆ. ಅದರ ಬೆನ್ನಿಗೇ ಶ್ರುತಿ ಅರ್ಧ ಅಥವಾ ಒಂದು ಸ್ವರ ಮೇಲೇರುತ್ತದೆ. ಆ ಏರಿಕೆಗಾಗಿ ನಾನು ಮೊದಲೇ ಯಂತ್ರದಲ್ಲಿ ಶ್ರುತಿಯನ್ನು ಇಳಿಸಿಟ್ಟುಕೊಳ್ಳುತ್ತೇನೆ. ಆರಂಭದ ಸಾಲುಗಳು ತೀರಾ ಮಂದ್ರಕ್ಕೆ ಇಳಿಯುತ್ತವೆ, ನಿಜ. ಆದರೆ ಹೇಳಲು ಹಿಂಜರಿಯುವವನ ಮಾತು ಅಷ್ಟು ತಗ್ಗಿನಲ್ಲಿದ್ದರೆ ನನಗೇನೂ ತಕರಾರಿಲ್ಲ.