ಐದೇ ಹೆಸರಿನ ಮೆನು: ನಮ್ಮ ಚರ್ಚ್ ವೆಬ್‌ಸೈಟ್ ದಾರಿಗೆ ಬಂದದ್ದು ಹೀಗೆ

2025ರ ಪವಿತ್ರ ವಾರದಲ್ಲಿ, ಅಂದರೆ ಈಸ್ಟರ್‌ಗೆ ಹಿಂದಿನ ವಾರ, ನಮ್ಮ ಚರ್ಚ್ ಕಚೇರಿಯ ಫೋನು ಹೆಚ್ಚುಕಡಿಮೆ ಸುಮ್ಮನಿತ್ತು. ಶುಭ ಶುಕ್ರವಾರದ ವಿಧಿ ಎಷ್ಟು ಗಂಟೆಗೆ, ಪಾಪನಿವೇದನೆ ಯಾವಾಗ ಎಂದು ಕೇಳುವ ಕರೆಗಳು ಮೊದಲೆಲ್ಲ ದಿನಕ್ಕೆ ಮೂವತ್ತು ನಲವತ್ತು ಬರುತ್ತಿದ್ದವು. ಆ ಸಲ ಏಳೆಂಟು. ಕಾರಣ ನಮ್ಮ ವೆಬ್‌ಸೈಟಿನ ಹೊಸ ಮೆನು, ಅಂದರೆ ಪುಟದ ತಲೆಯಲ್ಲಿ ಕಾಣುವ ಪಟ್ಟಿ. ಅದರಲ್ಲಿ ಐದೇ ಹೆಸರು ಇಡುತ್ತೇನೆ ಎಂದಾಗ ಚರ್ಚಿನ ಪಾಲನಾ ಪರಿಷತ್ತಿನ ಸಭೆಯಲ್ಲಿ ಒಪ್ಪಿದವರು ಇಬ್ಬರೇ. ಅವರಲ್ಲಿ ಒಬ್ಬರು ಫಾದರ್.

ಹಳೆಯ ಸೈಟನ್ನು ಸುಮಾರು 35 ಸಾವಿರ ಕೊಟ್ಟು ಹೊರಗೆ ಮಾಡಿಸಿದ್ದೆವು. ಮೆನುವಿನಲ್ಲಿ ಒಂದು ಪದ ಬದಲಿಸಲು 500 ರೂಪಾಯಿ, ಅದಕ್ಕೂ ನಾಲ್ಕು ದಿನ ಕಾಯಬೇಕು. ಡೊಮೈನ್ (ಸೈಟಿನ ವಿಳಾಸ) ಮಾಡಿಕೊಟ್ಟವರ ಹೆಸರಿನಲ್ಲೇ ಇತ್ತು, ಬಿಡಿಸಿಕೊಳ್ಳುವಾಗ ಮತ್ತೆ ಆರು ಸಾವಿರ ಹೋಯಿತು. ಈಗ ಹೋಸ್ಟಿಂಗ್ (ಸೈಟು ಇಡುವ ಸರ್ವರ್ ಜಾಗ), ಡೊಮೈನ್ ಎರಡೂ ಸೇರಿ ವರ್ಷಕ್ಕೆ ನಾಲ್ಕೂವರೆ ಸಾವಿರ ದಾಟುವುದಿಲ್ಲ. ಖಾತೆ ಚರ್ಚಿನ ಇಮೇಲ್‌ನಲ್ಲಿದೆ. ಯಾರ ಸ್ವಂತ ಇಮೇಲ್‌ನಲ್ಲೂ ಇಡಬೇಡಿ. ಫಾದರ್‌ಗೆ ವರ್ಗಾವಣೆ ಆಗುತ್ತದೆ, ನೋಡಿಕೊಳ್ಳುವ ಹುಡುಗ ಗಲ್ಫಿಗೆ ಹೋಗುತ್ತಾನೆ.

ಸೈಟು ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ನಾನೇ ಕೂತಾಗ ಮೊದಲ ಏಟು ವಾರ್ಡುಗಳಿಂದ (ಚರ್ಚಿನ ಕುಟುಂಬಗಳ ಪ್ರದೇಶವಾರು ಗುಂಪುಗಳು) ಬಿತ್ತು. ಇಪ್ಪತ್ತೆರಡು ವಾರ್ಡಿಗೂ ಒಂದೊಂದು ಪೇಜು ಮಾಡಿದೆ. ಹೊಸ ಪೇಜು ತಾನಾಗಿ ಮೆನುವಿಗೆ ಸೇರುವ ಟಿಕ್ ತೆಗೆದಿರಲಿಲ್ಲ. ಬೆಳಿಗ್ಗೆ ನೋಡಿದರೆ ಇಪ್ಪತ್ತೆರಡೂ ತಲೆಪಟ್ಟಿಯಲ್ಲಿ ಸಾಲಾಗಿ ನಿಂತಿವೆ, ಪೂಜೆಯ ಸಮಯ ಎಲ್ಲೋ ಕೆಳಗೆ. ಆ ಟಿಕ್ಕನ್ನು ಮೊದಲು ತೆಗೆಯಿರಿ.

ಎರಡನೆಯದು ಕನ್ನಡ ಸ್ಲಗ್, ಅಂದರೆ ವಿಳಾಸದ ಕೊನೆಗೆ ಬರುವ ಪೇಜಿನ ಹೆಸರು. ವಿಳಾಸದಲ್ಲಿ ಒಂದೊಂದು ಕನ್ನಡ ಸಂಕೇತವೂ, ಅಂದರೆ ಅಕ್ಷರವೂ ಕಾಗುಣಿತದ ಗುರುತೂ ಬೇರೆಬೇರೆಯಾಗಿ, ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. ಸ್ಲಗ್‌ಗೆ ಇರುವ ಮಿತಿ 200, ಹಾಗಾಗಿ ಇಪ್ಪತ್ತೆರಡು ಸಂಕೇತ ದಾಟಿದ ಕೂಡಲೇ ಹೆಸರು ನಡುವೆ ಕತ್ತರಿಸಿಹೋಗುತ್ತದೆ. ವಾಟ್ಸಾಪ್‌ಗೆ ಹಾಕಿದ ಲಿಂಕು ಅರ್ಧ ಪರದೆ ತುಂಬಿ, ಹಿರಿಯರು ವೈರಸ್ ಎಂದು ಹೆದರಿ ಒತ್ತಲೇ ಇಲ್ಲ. ಈಗ ತಲೆಬರಹ ಕನ್ನಡ, ಸ್ಲಗ್ ಮಾತ್ರ ಚಿಕ್ಕ ರೋಮನ್ ಪದ. ಥೀಮಿನ (ಸೈಟಿನ ವಿನ್ಯಾಸದ) ಸಾಲಿನ ಎತ್ತರವನ್ನೂ 1.7ರ ಆಸುಪಾಸಿಗೆ ಏರಿಸಬೇಕಾಯಿತು, ಇಲ್ಲದಿದ್ದರೆ 'ಸಂಸ್ಕಾರ'ದ ಕ ಒತ್ತು ಮೆನುಪಟ್ಟಿಯ ಕೆಳಗೆ ಕೊಯ್ದುಹೋಗುತ್ತಿತ್ತು.

ನನಗೆ ತುಂಬ ನೋವು ಕೊಟ್ಟದ್ದು 2025ಕ್ಕೆ ಮೊದಲಿನ ತಪ್ಪು. ಪ್ರತಿ ವರ್ಷ ಪವಿತ್ರ ವಾರಕ್ಕೆ ಹೊಸ ಪೇಜು ಮಾಡಿ, ಹಳೆಯದನ್ನು ಮೆನುವಿನಿಂದ ಮಾತ್ರ ತೆಗೆಯುತ್ತಿದ್ದೆ. ಮೆನುವಿನಿಂದ ತೆಗೆದರೆ ಪೇಜು ಹೋಗುವುದಿಲ್ಲ, ಗೂಗಲ್‌ನಲ್ಲಿ ಇದ್ದೇ ಇರುತ್ತದೆ. ಪವಿತ್ರ ಗುರುವಾರ ಹಿಂದಿನ ವರ್ಷದ ಸಮಯ ನೋಡಿಕೊಂಡು ಒಂದು ಕುಟುಂಬ ಅಜ್ಜಿಯನ್ನೂ ಕರೆದುಕೊಂಡು ಬರುವಷ್ಟರಲ್ಲಿ ಪಾದ ತೊಳೆಯುವ ವಿಧಿ ಮುಗಿದಿತ್ತು. ಈಸ್ಟರ್ 2024ರಲ್ಲಿ ಮಾರ್ಚ್ 31ಕ್ಕೆ ಬಂತು, 2025ರಲ್ಲಿ ಏಪ್ರಿಲ್ 20ಕ್ಕೆ. ಆದ್ದರಿಂದ ಪೇಜು ಒಂದೇ, ವಿಳಾಸ ಒಂದೇ, ಅದರಲ್ಲಿ ಇಸವಿ ಇಲ್ಲ. ಒಳಗಿನ ದಿನ, ಗಂಟೆ ಮಾತ್ರ ಬದಲಿಸುತ್ತೇನೆ. ಸ್ಲಗ್ ಮುಟ್ಟುವುದಿಲ್ಲ, ಏಕೆಂದರೆ ಹಳೆಯ ಸ್ಲಗ್‌ನ ನೆನಪನ್ನು ವರ್ಡ್‌ಪ್ರೆಸ್ ಪೋಸ್ಟಿಗೆ (ಬ್ಲಾಗ್ ಬರಹಕ್ಕೆ) ಇಟ್ಟುಕೊಳ್ಳುತ್ತದೆ, ಪೇಜಿಗೆ ಇಟ್ಟುಕೊಳ್ಳುವುದಿಲ್ಲ.

ಐದು ಹೆಸರು ಇವು: ಪೂಜೆಯ ಸಮಯ, ಸಂಸ್ಕಾರಗಳು, ಪ್ರಮಾಣಪತ್ರ, ನಮ್ಮ ಧರ್ಮಕೇಂದ್ರ, ಸಂಪರ್ಕ. ಸಬ್‌ಮೆನು ಒಂದೂ ಇಲ್ಲ. ಯುವಕರ, ಸ್ತ್ರೀಯರ ಸಂಘಟನೆಗಳು, ವಾರ್ಡುಗಳು, ಅವುಗಳ ಮುಖಂಡರಾದ ಗುರಿಕಾರರ ಪಟ್ಟಿ ಎಲ್ಲವೂ ನಾಲ್ಕನೆಯ ಪೇಜಿನ ಒಳಗೆ. 'ನಮ್ಮ ಸಂಘಟನೆಯ ಹೆಸರೇ ಕಾಣುವುದಿಲ್ಲವಲ್ಲ' ಎಂದು ಬೇಸರಪಟ್ಟವರು ಇದ್ದರು. ಮೊಬೈಲಿನಲ್ಲಿ ತೆರೆದು ತೋರಿಸಿದ ಮೇಲೆ ಸುಮ್ಮನಾದರು. ಪ್ರಮಾಣಪತ್ರಕ್ಕೆ ಬೇರೆ ಜಾಗ ಕೊಟ್ಟದ್ದು ಹೊರದೇಶದಲ್ಲಿರುವ ನಮ್ಮವರಿಗಾಗಿ. ಮದುವೆ ಗೊತ್ತಾದ ಮೇಲೆ ಜ್ಞಾನಸ್ನಾನದ ಪತ್ರ ಬೇಕೆಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದವರು ಈಗ ಅಲ್ಲಿನ ಫಾರ್ಮ್ ತುಂಬಿಸುತ್ತಾರೆ.

ಇದರ ಜೊತೆ ಇನ್ನೆರಡು ಮೆನು ಮೊದಲೇ ಕಟ್ಟಿಟ್ಟಿದ್ದೇನೆ: ಪವಿತ್ರ ವಾರಕ್ಕೊಂದು, ವಾರ್ಷಿಕ ಹಬ್ಬ ಮತ್ತು ನೊವೆನಾಕ್ಕೊಂದು (ಒಂಬತ್ತು ದಿನದ ಪ್ರಾರ್ಥನೆ). ಕಾಲ ಬಂದಾಗ ಮೆನುವಿನ ಸ್ಥಾನಕ್ಕೆ ಬೇಕಾದದ್ದನ್ನು ಆರಿಸಿ, ಕ್ಯಾಷ್ (ಸೈಟು ಉಳಿಸಿಟ್ಟುಕೊಂಡ ಹಳೆಯ ಪ್ರತಿ) ಅಳಿಸಿದರೆ ಒಂದು ನಿಮಿಷದ ಕೆಲಸ. ನಮ್ಮಲ್ಲಿ ಈಗ ಅದು ದಿನ ನೋಡಿ ತಾನೇ ಬದಲಾಗುತ್ತದೆ. ಆ ಹತ್ತು ಹನ್ನೆರಡು ಸಾಲಿನ ಕೋಡ್ ಸದ್ಯಕ್ಕೆ ನನ್ನಲ್ಲೇ ಇರಲಿ, ಇನ್ನೊಂದು ಹಬ್ಬ ದಾಟಿದ ಮೇಲೆ ನೋಡೋಣ.

ನಡುವೆ ಕೊಂಕಣಿ ಮೆನುವನ್ನೂ ಮಾಡಿ ನೋಡಿದೆ. ಕನ್ನಡ ಲಿಪಿಯಲ್ಲಿ ಹಾಕಿದರೆ ಮುಂಬಯಿಯಲ್ಲಿ ಬೆಳೆದ ಮಕ್ಕಳಿಗೆ ಓದಲು ಬರುವುದಿಲ್ಲ, ರೋಮನ್ ಲಿಪಿ ಊರಿನ ಹಿರಿಯರಿಗೆ ಹಿಡಿಸಲಿಲ್ಲ. ಅನುವಾದದ ಪ್ಲಗಿನ್ ಹಾಕಿದ ಮೇಲೆ ಸೈಟು ತೆರೆಯಲು ಹತ್ತು ಸೆಕೆಂಡ್ ಹಿಡಿಯಿತು, ತೆಗೆದೆ. ಈಗ ಪೂಜೆಯ ಸಮಯದ ಪೇಜಿನಲ್ಲಿ ಮಾತ್ರ ಪ್ರತಿ ಪೂಜೆಯ ಎದುರು ಕೊಂಕಣಿಯೋ ಕನ್ನಡವೋ ಎಂದು ಬರೆದಿದ್ದೇನೆ. ಆ ಪೇಜಿನ ಕ್ಯೂಆರ್ ಕೋಡನ್ನು ಚರ್ಚ್ ಬಾಗಿಲ ನೋಟಿಸ್ ಬೋರ್ಡಿಗೆ ಅಂಟಿಸಿದ್ದೇವೆ. ಲ್ಯಾಮಿನೇಷನ್‌ಗೆ 40 ರೂಪಾಯಿ ಆಯಿತು.