ಬಿಸಿಲಿಲ್ಲದ ಹಿತ್ತಲಿಗೆ ದೊಡ್ಡಪತ್ರೆ

ಪಕ್ಕದ ಮೂವತ್ತು-ನಲವತ್ತು ಸೈಟಿನಲ್ಲಿ ನಾಲ್ಕಂತಸ್ತಿನ ಮನೆ ಎದ್ದಿತು ನೋಡಿ, ನಮ್ಮ ಹಿತ್ತಲಿಗೆ ಬೆಳಗಿನ ಬಿಸಿಲು ಬರುವುದೇ ನಿಂತುಹೋಯಿತು. ಮೊದಲು ಗುಲಾಬಿ ಸೊರಗಿತು, ಹಿಂದೆಯೇ ತುಳಸಿ. ತುಳಸಿಯನ್ನು ಮಹಡಿಗೆ ಸಾಗಿಸಿದೆ, ಗುಲಾಬಿಯ ಆಸೆ ಬಿಟ್ಟೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಡಕು ಬಕೆಟ್ಟಿನಲ್ಲಿ ಹೇಳೋರು ಕೇಳೋರಿಲ್ಲದೆ ಬಿದ್ದಿದ್ದ ದೊಡ್ಡಪತ್ರೆ ಮಾತ್ರ ಮೊದಲಿಗಿಂತ ಅಗಲ ಎಲೆ ಬಿಟ್ಟುಕೊಂಡು ಕೂತಿತ್ತು. ಅವತ್ತಿನಿಂದ ‘ನಮ್ಮಲ್ಲಿ ಬಿಸಿಲೇ ಬೀಳಲ್ಲ, ಏನೂ ಬರಲ್ಲ’ ಅಂತ ಯಾರು ಗೋಳಾಡಿದರೂ ಇದರದೊಂದು ಕಡ್ಡಿ ಮುರಿದು ಕೈಗಿಡುತ್ತೇನೆ.

ಮಲೆನಾಡಿನವರಿಗೆ ಇದು ಸಾಂಬಾರಬಳ್ಳಿ, ನಮ್ಮ ಬೀದಿಯ ತಮಿಳು ಮಾತಾಡುವವರಿಗೆ ಕರ್ಪೂರವಲ್ಲಿ. ಕೆಲವು ನರ್ಸರಿಗಳಲ್ಲಿ ‘ಅಜ್ವಾನ್ ಗಿಡ’ ಅಂತ ಕೊಡುತ್ತಾರೆ. ಹಾಗಂತ ಓಮದ ಕಾಳು ಬರುತ್ತೆ ಅಂತ ಕಾಯಬೇಡಿ. ಓಮ ಕೊತ್ತಂಬರಿಯ ಕುಲ, ದೊಡ್ಡಪತ್ರೆ ತುಳಸಿ-ಪುದೀನದ ಕುಲ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿದರೆ ಪುದೀನದ ಹಾಗೇ ಚೌಕ ಇರುವುದು ತಿಳಿಯುತ್ತದೆ. ಎರಡರಲ್ಲೂ ಥೈಮಾಲ್ ಅನ್ನುವ ಒಂದೇ ಎಣ್ಣೆಯಂಶ ಇರುವುದರಿಂದ ವಾಸನೆ ಹತ್ತಿರ ಹತ್ತಿರ ಬರುತ್ತದೆ, ಅಷ್ಟೇ.

ನೆರಳು ಅಂದರೆ ಎಲ್ಲಾ ನೆರಳೂ ಒಂದೇ ಅಲ್ಲ. ನಮ್ಮ ಹಿತ್ತಲು ಮನೆಯ ಉತ್ತರಕ್ಕಿದೆ. ಬೇಸಿಗೆಯಲ್ಲಿ ಚೆನ್ನಾಗಿರುವ ಗಿಡ ಧನುರ್ಮಾಸದ ಹೊತ್ತಿಗೆ ಯಾಕೆ ಉದ್ದಕ್ಕೆ ಎಳೆದುಕೊಂಡು ಪೇಲವವಾಗುತ್ತೆ ಅಂತ ನನಗೆ ವರ್ಷಗಟ್ಟಲೆ ಹೊಳೆದಿರಲಿಲ್ಲ. ಅದು ಗೊತ್ತಾಗಿದ್ದು ಮೊಮ್ಮಗನಿಂದ. ಸ್ಕೂಲಿನಲ್ಲಿ ‘ಶೂನ್ಯ ನೆರಳಿನ ದಿನ’ ಅಂತ ಹೇಳಿಕೊಟ್ಟಿದ್ದರಂತೆ. ಮಹಡಿ ಮೇಲೆ ಸ್ಟೀಲ್ ಲೋಟ ಬೋರಲು ಹಾಕಿ, ‘ನೋಡಜ್ಜಿ, ನೆರಳೇ ಇಲ್ಲ’ ಅಂತ ಕುಣಿದ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದಾಚೆ ಉತ್ತರಕ್ಕೆ ವಾಲಿಕೊಂಡು, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಸರಿಯುತ್ತಾನೆ. ಅಂದರೆ ಉತ್ತರದ ಹಿತ್ತಲಿಗೆ ಮಧ್ಯಾಹ್ನದ ಬಿಸಿಲು ಇಣುಕುವುದು ಆ ನಾಲ್ಕು ತಿಂಗಳು ಮಾತ್ರ. ಡಿಸೆಂಬರಿನಲ್ಲಿ ನಮ್ಮ ಮನೆಯೇ ಅಡ್ಡ ನಿಂತಿರುತ್ತದೆ. ಈಗ ದೀಪಾವಳಿ ಮುಗಿಯುತ್ತಲೇ ಒಂದು ಕುಂಡವನ್ನು ಮುಂಬಾಗಿಲ ಮೆಟ್ಟಿಲಿಗೆ ತಂದಿಡುತ್ತೇನೆ, ಯುಗಾದಿ ಕಳೆದ ಮೇಲೆ ವಾಪಸ್ಸು. ತೀರಾ ಕತ್ತಲಿನ ಡಕ್ಟ್ ಪಕ್ಕ ಇಟ್ಟರೆ ಬದುಕಿರುತ್ತೆ, ಆದರೆ ಗಿಣ್ಣು ಗಿಣ್ಣಿಗೂ ಮೂರು ಬೆರಳು ದೂರ, ಎಲೆ ತೆಳ್ಳಗೆ, ಉಜ್ಜಿದರೆ ಮೂಗಿಗೆ ಏರುವ ಘಾಟೇ ಇರಲ್ಲ. ಬಿಸಿಲು ಬೀಳದಿದ್ದರೂ ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕಿದ್ದರೆ ಸಾಕು.

ನೆರಳಿನಲ್ಲಿ ಈ ಗಿಡ ಸತ್ತರೆ ಬಿಸಿಲನ್ನು ದೂರಬೇಡಿ. ನೂರಕ್ಕೆ ತೊಂಬತ್ತು ಸಲ ಕೊಂದದ್ದು ನೀರಿನ ಚೆಂಬು. ಮೇಲ್ಮನೆಗೆ ಬಾಡಿಗೆಗೆ ಬಂದ ಹುಡುಗಿ ಒಂದು ಭಾನುವಾರ ಕುಂಡ ಹಿಡಿದುಕೊಂಡೇ ಇಳಿದು ಬಂದಳು. ‘ಆಂಟೀ, ದಿನಾ ತಪ್ಪದೆ ನೀರು ಹಾಕ್ತೀನಿ, ಆದ್ರೂ ಬಾಡ್ತಾನೇ ಇದೆ.’ ‘ಅದಕ್ಕೇ ಕಣಮ್ಮ’ ಅಂದೆ. ಕಾಂಡ ಹಿಡಿದು ಮೆಲ್ಲಗೆ ಎಳೆದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಬುಡ ಕಪ್ಪಾಗಿ ಲೊಳಲೊಳ, ಚರಂಡಿ ವಾಸನೆ. ಎಲೆ ಅಷ್ಟು ದಪ್ಪ ಇರುವುದೇ ನೀರು ಕೂಡಿಡುವುದಕ್ಕೆ. ಬಿಸಿಲಲ್ಲಿ ಒಂದು ದಿನಕ್ಕೆ ಒಣಗುವ ಮಣ್ಣು ನೆರಳಲ್ಲಿ ನಾಲ್ಕೈದು ದಿನವಾದರೂ ಒಣಗಲ್ಲ. ತೋರುಬೆರಳನ್ನು ಎರಡನೇ ಗೆಣ್ಣಿನವರೆಗೆ ಚುಚ್ಚಿ ನೋಡಿ, ಮಣ್ಣು ಅಂಟಿಕೊಂಡರೆ ಚೆಂಬು ಕೆಳಗಿಡಿ. ಬಾಯಾರಿದ ಗಿಡದ ಎಲೆ ಹಳೇ ಹಪ್ಪಳದ ಹಾಗೆ ಮೆತ್ತಗಾಗಿ ಜೋತಾಡುತ್ತೆ, ಒಂದು ಲೋಟ ನೀರಿಗೆ ಸಂಜೆಯೊಳಗೆ ಎದ್ದು ನಿಲ್ಲುತ್ತೆ. ನೀರು ಹೆಚ್ಚಾದದ್ದು ಕೆಳಗಿನಿಂದ ಹಳದಿಯಾಗಿ ಉದುರುತ್ತೆ. ಎರಡಕ್ಕೂ ಬಾಡಿತು ಅಂತಲೇ ಹೇಳಿ ಮತ್ತೆ ನೀರು ಸುರಿಯುವವರೇ ಜಾಸ್ತಿ. ಅಕ್ಕಿ ತೊಳೆದ ನೀರು ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ನೆರಳಿನ ಕುಂಡಕ್ಕೆ ನಾನು ಹಾಕಲ್ಲ, ಹುಳಿ ವಾಸನೆ ಬಂದು ಇರುವೆ ಮುತ್ತುತ್ತವೆ.

ಆ ಹುಡುಗಿಯ ಗಿಡದ ತುದಿಗಳು ಇನ್ನೂ ಗಟ್ಟಿಯಾಗಿದ್ದವು. ನಾಲ್ಕೈದು ಇಂಚಿನ ಮೂರು ತುದಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕೊಯ್ದ ಬಾಯಿ ಒಣಗಲಿ ಅಂತ ಮಧ್ಯಾಹ್ನದವರೆಗೆ ಹಳೇ ಪೇಪರ್ ಮೇಲೆ ಬಿಟ್ಟೆವು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ. ಗೊಬ್ಬರ ಜಾಸ್ತಿ ಸುರಿದರೆ ಎಲೆ ಅಂಗೈಯಗಲ ಆಗುತ್ತೆ, ಆದರೆ ನಾನು ಕಂಡ ಹಾಗೆ ಘಮ ಕಡಿಮೆ. ನರ್ಸರಿಯಿಂದ ಬರುವ ತೆಂಗಿನ ನಾರಿನ ಪುಡಿಯನ್ನು ಆದಷ್ಟೂ ಉದುರಿಸಿಬಿಡಿ, ಅದು ನೀರು ಹಿಡಿದರೆ ಬಿಡುವುದೇ ಇಲ್ಲ. ಕುಂಡ ಮಣ್ಣಿನದಾದರೆ ಒಳ್ಳೆಯದು. ತೂತು ನೆಲಕ್ಕೆ ಅಂಟದ ಹಾಗೆ ಕೆಳಗೆ ಇಟ್ಟಿಗೆ ಚೂರು ಕೊಡಿ. ಎರಡು ವಾರಕ್ಕೆಲ್ಲ ಬೇರು ಬಿಡುತ್ತೆ, ನಡುವೆ ಎಳೆದೆಳೆದು ಪರೀಕ್ಷೆ ಮಾಡಬಾರದು. ಎರಡು ಮೂರು ವರ್ಷಕ್ಕೆ ಬುಡ ಸೌದೆಯ ಹಾಗೆ ಗಟ್ಟಿಯಾದಾಗ ಅದರದೇ ತುದಿ ನೆಟ್ಟು ಹೊಸದು ಮಾಡಿಕೊಳ್ಳಿ.

ಸೆಪ್ಟೆಂಬರ್-ಅಕ್ಟೋಬರ್ ಮಳೆ ನಮ್ಮೂರಲ್ಲಿ ಜೋರು. ಆಗ ಕುಂಡಗಳನ್ನು ಸಜ್ಜದ ಕೆಳಗೆ ಸರಿಸಬೇಕು. ಆಗಲೇ ಮುಷ್ಟಿ ಗಾತ್ರದ ಬಸವನಹುಳುಗಳೂ ಹತ್ತಿ ಬರುವುದು. ಉಪ್ಪು ಎರಚಿದರೆ ಮಣ್ಣೂ ಕೆಡುತ್ತೆ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಆರಿಸಿ ಹಾಕುವುದೇ ದಾರಿ. ಗಿಣ್ಣಿನಲ್ಲಿ ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಸೋಪಿನ ನೀರಿಗೆ ನಾಲ್ಕು ತೊಟ್ಟು ಬೇವಿನೆಣ್ಣೆ ಬೆರೆಸಿ ಬಟ್ಟೆಯಲ್ಲಿ ಒರೆಸಿ.

ಕೀಳುವ ರೀತಿಯಲ್ಲೇ ಗಿಡದ ಆಕಾರ ಇರುವುದು. ಕೆಳಗಿನ ಒಂದೊಂದೇ ದೊಡ್ಡ ಎಲೆ ಕಿತ್ತರೆ ಬೋಳು ಕಡ್ಡಿಯ ತುದಿಯಲ್ಲಿ ಜುಟ್ಟು ಉಳಿಯುತ್ತೆ, ನೆರಳಲ್ಲಂತೂ ಅದು ಭಾರಕ್ಕೆ ಮುರಿದು ಬೀಳುತ್ತೆ. ಎರಡು ಜೊತೆ ಎಲೆ ಸಮೇತ ಕುಡಿಯನ್ನೇ ಚಿವುಟಿ, ಒಂದಿದ್ದಲ್ಲಿ ಎರಡು ಕವಲು ಒಡೆಯುತ್ತೆ. ಮೂರು ಕುಡಿ ಚಿವುಟಿದರೆ ಹನ್ನೆರಡು ಎಲೆ, ನಾಲ್ಕು ಜನದ ತಂಬುಳಿಗೆ ಸರಿಹೋಯಿತು. ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ಎಲೆಯನ್ನು ತುಪ್ಪದಲ್ಲಿ ಬಾಡಿಸಿ. ಹಸಿರು ಹೋಗಿ ಮಂಕಾಗಿ ಮುದುಡಿದರೆ ಸಾಕು, ಕರಿಯಬೇಡಿ. ಒಂದು ಹಿಡಿ ಕಾಯಿತುರಿ ಹಾಕಿ ನುಣ್ಣಗೆ ರುಬ್ಬಿ, ಹುಳಿ ಕಡಿಮೆಯಿರುವ ಮಜ್ಜಿಗೆಗೆ ಕಲಸಿ, ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಒಲೆ ಮೇಲೆ ಇಡಬೇಡಿ, ಒಡೆದುಹೋಗುತ್ತೆ.